ಪವರ್ ಇಲ್ಲದ ಕಲರ್ ಲೆನ್ಸ್‌ಗೂ ಕಣ್ಣಿನ ಅಳತೆ ಬೇಕಾ?

ಸೊನ್ನೆ_ಪವರ್:
ಕನ್ನಡಕದ ನಂಬರಿಲ್ಲದವರು ಬರೀ ಬಣ್ಣಕ್ಕೆ ಅಂತ ಹಾಕಿಕೊಳ್ಳೋ ಲೆನ್ಸ್ ಬಗ್ಗೆ ಕೇಳ್ತಿದ್ದೀನಿ. ಡಬ್ಬದ ಮೇಲೆ ಪವರ್ 0.00, ಬಿ.ಸಿ. 8.6, ಡಯಾ 14.5, ನೀರಿನಂಶ 38% ಅಂತಿದೆ. ಪವರ್ರೇ ಸೊನ್ನೆ ಅಂದಮೇಲೆ ಅಳತೆ ತೆಗೆಸೋದು ಯಾಕೆ? ಉಳಿದ ಅಂಕಿಗಳ ಅರ್ಥ ಏನು? ಬಣ್ಣ ಕಣ್ಣಿಗೆ ಬಿಡುತ್ತಾ? ದಿನಕ್ಕೆ ಎಷ್ಟು ಗಂಟೆ ಹಾಕಬಹುದು? ಒಂದೇ ಜೊತೆಯನ್ನ ಇಬ್ಬರು ತೊಳೆದು ತೊಳೆದು ಹಾಕಿಕೊಂಡರೆ ಏನಾಗುತ್ತೆ? "ಡಾಕ್ಟರನ್ನ ಕೇಳಿ" ಅನ್ನೋ ಒಂದು ಸಾಲಿನ ಉತ್ತರ ಬೇಡ. ಯಾಕೆ ಕೇಳಬೇಕು ಅನ್ನೋದು ಬೇಕು.

ಬೇಸ್_ಕರ್ವ್:
ಪವರ್ ಸೊನ್ನೆ ಇರಬಹುದು, ಲೆನ್ಸಿನ ಆಕಾರ ಸೊನ್ನೆ ಅಲ್ಲವಲ್ಲ. ಅಳತೆ ಬೇಕಿರುವುದು ಅದಕ್ಕೆ.

ಬಿ.ಸಿ. ಅಂದರೆ ಬೇಸ್ ಕರ್ವ್, ಲೆನ್ಸಿನ ಒಳಮೈ ಬಾಗಿನ ತ್ರಿಜ್ಯ, ಮಿಲಿಮೀಟರಿನಲ್ಲಿ. ಅಂಕಿ ಚಿಕ್ಕದಾದಷ್ಟೂ ಬಾಗು ಜಾಸ್ತಿ, ಲೆನ್ಸ್ ಬಿಗಿ. ಕಾರ್ನಿಯಾದ, ಅಂದರೆ ಕರಿಗುಡ್ಡೆಯನ್ನು ಮುಚ್ಚಿರುವ ಪಾರದರ್ಶಕ ಪೊರೆಯ, ಮುಂಭಾಗದ ತ್ರಿಜ್ಯ ಸರಾಸರಿ 7.8 ಮಿ.ಮೀ. ಆಸುಪಾಸು. ಮೆತ್ತನೆ ಲೆನ್ಸನ್ನು ಬೇಕೆಂದೇ ಅದಕ್ಕಿಂತ ಚಪ್ಪಟೆಯಾಗಿ ಮಾಡುತ್ತಾರೆ. ಡಯಾ 14.5 ಅಂದರೆ ಲೆನ್ಸಿನ ಪೂರ್ತಿ ಅಗಲ. ಕರಿಗುಡ್ಡೆಯ ಅಗಲ 11.5ರಿಂದ 12 ಮಿ.ಮೀ. ಇರುವುದರಿಂದ ಲೆನ್ಸಿನ ಅಂಚು ಸುತ್ತಲೂ ಒಂದು ಮಿಲಿಮೀಟರಿಗೂ ಹೆಚ್ಚು ಬಿಳಿಗುಡ್ಡೆಯ ಮೇಲೆ ಕೂರುತ್ತದೆ. ಆ ಅಂಚು ಬಿಳಿಗುಡ್ಡೆಯನ್ನು ಅಮುಕಿ ಹಿಡಿಯಬಾರದು. ಕಣ್ಣು ಮಿಟುಕಿಸಿದಾಗಲೆಲ್ಲ ಲೆನ್ಸ್ 0.2ರಿಂದ 0.5 ಮಿ.ಮೀ. ಅಲುಗಾಡಬೇಕು. ಹಾಗೆ ಅಲುಗಿದರೇನೇ ಅಡಿಯ ಕಣ್ಣೀರು ಹೊರಗೆ ಹೋಗಿ ಹೊಸದು ಒಳಗೆ ಬರುವುದು.

ಇಲ್ಲೇ ಎಲ್ಲರೂ ಮೋಸಹೋಗುವುದು. ಮೊದಲ ಹತ್ತು ನಿಮಿಷ ಅತ್ಯಂತ ಹಿತವಾಗಿರುವುದು ಬಿಗಿ ಲೆನ್ಸೇ. ಅಲುಗುವುದೇ ಇಲ್ಲ, ಹಾಗಾಗಿ ರೆಪ್ಪೆಗೆ ಗೊತ್ತೇ ಆಗುವುದಿಲ್ಲ. ನಾಲ್ಕೈದು ಗಂಟೆ ಕಳೆದ ಮೇಲೆ ಕಣ್ಣು ಕೆಂಪಾಗುತ್ತದೆ, ಉರಿ ಬರುತ್ತದೆ, ಲೆನ್ಸ್ ತೆಗೆದರೆ ಬಿಳಿಗುಡ್ಡೆಯ ಮೇಲೆ ಉಂಗುರ ಒತ್ತಿದಂಥ ಗುರುತು. "ಹಾಕಿ ನೋಡಿದೆ, ಆರಾಮಾಗಿದೆ, ಅಂದರೆ ಅಳತೆ ಸರಿಯಿದೆ" ಅನ್ನುವ ತರ್ಕ ಅದಕ್ಕೇ ನಿಲ್ಲುವುದಿಲ್ಲ.

ಪರೀಕ್ಷೆ ಮಾಡುವವರು ಲೆನ್ಸ್ ಹಾಕಿಸಿ 15–20 ನಿಮಿಷ ಕೂರಿಸುತ್ತಾರೆ. ಆಮೇಲೆ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಸೂಕ್ಷ್ಮದರ್ಶಕ) ಕಣ್ಣಿಟ್ಟು, ಕೆಳರೆಪ್ಪೆಯ ಮೂಲಕ ಲೆನ್ಸನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಾರೆ. ಸರಾಗವಾಗಿ ಸರಿದು ತಾನಾಗೇ ವಾಪಸ್ ಬಂದರೆ ಸರಿ. ತಳ್ಳಿದರೂ ಜಗ್ಗದಿದ್ದರೆ ಬಿಗಿ. ಇದನ್ನು ಮನೆಯಲ್ಲಿ ಕನ್ನಡಿ ಮುಂದೆ ನಿಂತು ನಂಬುವ ಹಾಗೆ ಮಾಡಲಾಗದು. ಕಣ್ಣೀರು ಸಾಕಷ್ಟಿದೆಯಾ, ರೆಪ್ಪೆಯ ಒಳಮೈಯಲ್ಲಿ ಗುಳ್ಳೆಗಳಿವೆಯಾ ಅನ್ನುವುದನ್ನೂ ಆಗಲೇ ನೋಡುತ್ತಾರೆ. ಕೆಲವರ ಕಣ್ಣಿಗೆ ಯಾವ ಲೆನ್ಸೂ ಆಗಿಬರುವುದಿಲ್ಲ ಅಂತ ತಿಳಿಯುವುದೂ ಇಲ್ಲೇ.

ಇನ್ನೊಂದು ಮಾತು. ಒಂದು ಕಂಪನಿಯ 8.6 ಮತ್ತೊಂದು ಕಂಪನಿಯ 8.6 ಒಂದೇ ಅಲ್ಲ. ಲೆನ್ಸಿನ ವಸ್ತು, ದಪ್ಪ, ಅಂಚಿನ ವಿನ್ಯಾಸ ಬದಲಾದರೆ ಕೂರುವ ರೀತಿಯೂ ಬದಲಾಗುತ್ತದೆ. ಬ್ರ್ಯಾಂಡ್ ಬದಲಿಸಿದರೆ ಮತ್ತೆ ತೋರಿಸಿ. ಅಮೆರಿಕದಲ್ಲಿ 2005ರಿಂದ ಪವರ್ ಇಲ್ಲದ ಅಲಂಕಾರದ ಲೆನ್ಸನ್ನೂ ಕಾನೂನು ವೈದ್ಯಕೀಯ ಸಾಧನದ ಪಟ್ಟಿಗೇ ಸೇರಿಸಿದೆ, ಪ್ರಿಸ್ಕ್ರಿಪ್ಷನ್ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾರಣ ಮೇಲೆ ಹೇಳಿದ್ದೇ.

ತೇವಾಂಶ:
ಗಂಟೆಯ ಲೆಕ್ಕ ನಾನು ಹೇಳ್ತೀನಿ, ಅದಕ್ಕೆ 38% ಅನ್ನೋ ಅಂಕಿ ಬೇಕು.

ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ಗಾಜಿನ ಥರ ಇರ್ತಿರಲಿಲ್ಲ. ಅದಕ್ಕೆ ಬೇಕಾದ ಆಮ್ಲಜನಕದಲ್ಲಿ ಹೆಚ್ಚಿನ ಪಾಲು ಗಾಳಿಯಿಂದ ಕಣ್ಣೀರಿಗೆ ಕರಗಿ ಬರಬೇಕು. ಮಧ್ಯೆ ಲೆನ್ಸ್ ಬಂದರೆ ಲೆನ್ಸನ್ನ ದಾಟಿ ಬರಬೇಕು. ವಸ್ತುವಿನ ಮೂಲಕ ಆಮ್ಲಜನಕ ಎಷ್ಟು ಸಾಗುತ್ತೆ ಅನ್ನೋದು ಡಿಕೆ. ಅದನ್ನ ದಪ್ಪದಿಂದ ಭಾಗಿಸಿದರೆ ಡಿಕೆ/ಟಿ. 38% ನೀರಿನ ಹಳೇ ಹೈಡ್ರೋಜೆಲ್‌ನ (ನೀರು ಹೀರಿಕೊಳ್ಳೋ ಮೆತ್ತನೆ ಪ್ಲಾಸ್ಟಿಕ್) ಡಿಕೆ ಸುಮಾರು 9. ಮಧ್ಯಭಾಗದ ದಪ್ಪ 0.08 ಮಿ.ಮೀ. ಅಂದುಕೊಂಡರೆ, ರೂಢಿಯ ಏಕಮಾನದಲ್ಲಿ ಡಿಕೆ/ಟಿ 11ರ ಹತ್ತಿರ ಬರುತ್ತೆ. ಹಗಲು ಹಾಕಿದರೆ ಕಾರ್ನಿಯಾ ಊದಿಕೊಳ್ಳದೆ ಇರೋಕೆ ಕನಿಷ್ಠ 24 ಬೇಕು ಅಂತ ಹೋಲ್ಡನ್ ಮತ್ತು ಮರ್ಟ್ಜ್ ಅನ್ನೋ ಸಂಶೋಧಕರು 1984ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. ಅಂದರೆ ನಿಮ್ಮ ಡಬ್ಬದ ಲೆನ್ಸ್ ಬೇಕಾದದ್ದರ ಅರ್ಧವನ್ನೂ ಮುಟ್ಟಲ್ಲ. ಇಂಥದ್ದನ್ನ ನಾಲ್ಕರಿಂದ ಆರು ಗಂಟೆ, ಅದೂ ದಿನಾ ಅಲ್ಲ. ಸಿಲಿಕೋನ್ ಹೈಡ್ರೋಜೆಲ್‌ನ ಕಲರ್ ಲೆನ್ಸ್ ಆದರೆ ಎಂಟು ಗಂಟೆವರೆಗೂ ಎಳೀಬಹುದು.

ನೀರಿನಂಶ ಜಾಸ್ತಿ ಇದ್ದರೆ ಒಳ್ಳೇದು ಅನ್ನೋದು ಅರ್ಧ ಸತ್ಯ. ಹಳೇ ಹೈಡ್ರೋಜೆಲ್‌ಗಳ ಮಧ್ಯೆ ಮಾತ್ರ 38ಕ್ಕಿಂತ 55% ಮೇಲು. ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಆಮ್ಲಜನಕ ಸಾಗೋದು ಮುಖ್ಯವಾಗಿ ಸಿಲಿಕೋನ್ ಮೂಲಕ, ನೀರಿನ ಮೂಲಕ ಅಲ್ಲ. ಅದಕ್ಕೇ ನೀರು ಕಡಿಮೆ ಇದ್ದರೂ ಅಲ್ಲಿ ಡಿಕೆ 60ರಿಂದ ಮೇಲೆ ಇರುತ್ತೆ.

ಕೊರತೆ ಆದರೆ ಏನಾಗುತ್ತೆ? ಮೊದಲು ಕರಿಗುಡ್ಡೆಯ ಸುತ್ತ ಕೆಂಪು ಬಳೆ ಹಾಕಿದ ಹಾಗೆ ಕಾಣುತ್ತೆ. ಸಂಜೆ ದೀಪದ ಸುತ್ತ ಮಂಜು ಮಂಜು. ತಿಂಗಳುಗಟ್ಟಲೆ ಹೀಗೇ ನಡೆದರೆ ಬಿಳಿಗುಡ್ಡೆಯ ರಕ್ತನಾಳಗಳು ಕಾರ್ನಿಯಾದೊಳಕ್ಕೆ ಬೇರು ಬಿಡ್ತವೆ. ಲೆನ್ಸ್ ನಿಲ್ಲಿಸಿದರೆ ಅವುಗಳಲ್ಲಿ ರಕ್ತ ಬತ್ತಬಹುದು, ಆದರೆ ಖಾಲಿ ಕೊಳವೆ ಹಾಗೇ ಉಳಿಯುತ್ತೆ.

ನಿದ್ದೆ ಮಾತ್ರ ಬೇಡವೇ ಬೇಡ, ಮಧ್ಯಾಹ್ನದ ಅರ್ಧ ಗಂಟೆಯ ಜೋಂಪೂ ಸೇರಿ. ರೆಪ್ಪೆ ಮುಚ್ಚಿದಾಗ ಆಮ್ಲಜನಕದ ಒತ್ತಡ ಸುಮಾರು 155ರಿಂದ 55 ಮಿ.ಮೀ. ಪಾದರಸಕ್ಕೆ ಇಳಿಯುತ್ತೆ. ಲೆನ್ಸೇ ಇಲ್ಲದ ಕಣ್ಣಲ್ಲೂ ರಾತ್ರಿ ಕಾರ್ನಿಯಾ ಸ್ವಲ್ಪ ಊದಿರುತ್ತೆ. ಅದರ ಮೇಲೆ ಲೆನ್ಸೂ ಇದ್ದರೆ ಸೋಂಕಿನ ಅಪಾಯ 6ರಿಂದ 8 ಪಟ್ಟು ಏರುತ್ತೆ.

ಬಣ್ಣದ_ಪದರ:
ಬಣ್ಣ ಬಿಡುತ್ತಾ ಅನ್ನೋ ಪ್ರಶ್ನೆಗೆ ಬರೋಣ. ಬಳಸೋದು ಐರನ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಥಾಲೊಸಯನೀನ್ ನೀಲಿ–ಹಸಿರು ಇಂಥವು. ಭೂತಗನ್ನಡಿಯಲ್ಲಿ ನೋಡಿದರೆ ನುಣ್ಣನೆ ಬಣ್ಣ ಇರೋದಿಲ್ಲ, ಪತ್ರಿಕೆಯಲ್ಲಿ ಅಚ್ಚಾದ ಚಿತ್ರದ ಹಾಗೆ ಚುಕ್ಕಿ ಚುಕ್ಕಿ.

ಆ ಚುಕ್ಕಿಗಳು ಎಲ್ಲಿವೆ ಅನ್ನೋದೇ ಮುಖ್ಯ. ಒಳ್ಳೇ ಲೆನ್ಸಲ್ಲಿ ಎರಡು ಪಾರದರ್ಶಕ ಪದರಗಳ ನಡುವೆ ಹುದುಗಿರ್ತವೆ. ಅಗ್ಗದ್ದರಲ್ಲಿ ಮೇಲ್ಮೈಗೇ ಅಚ್ಚು. ಮುಂದಿನ ಮೈಮೇಲಿದ್ದರೆ ಪ್ರತಿ ಮಿಟುಕಿಗೂ ರೆಪ್ಪೆಯ ಒಳಮೈ ಅದರ ಮೇಲೆ ಉಜ್ಜುತ್ತೆ. ಹಿಂದಿನ ಮೈಮೇಲಿದ್ದರೆ ಕಾರ್ನಿಯಾಕ್ಕೇ ಉಜ್ಜುತ್ತೆ. ಬಣ್ಣ ಕಣ್ಣಿಗೆ ಇಳಿಯೋದಕ್ಕಿಂತ ಈ ಒರಟುತನವೇ ದೊಡ್ಡ ತಲೆನೋವು. ಗೀರು ಬೀಳುತ್ತೆ, ಅದೇ ಒರಟು ಜಾಗದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಅಂಟಿಕೊಳ್ಳುತ್ತೆ.

ಮನೆಯಲ್ಲೇ ನೋಡೋ ಒಂದು ವಿಧಾನ: ಲೆನ್ಸನ್ನ ಅಂಗೈ ಮೇಲಿಟ್ಟು ಲೆನ್ಸ್ ಶುದ್ಧ ಮಾಡೋ ಸೊಲ್ಯೂಷನ್ ಎರಡು ಹನಿ ಹಾಕಿ. ಹತ್ತಿ ಕಡ್ಡಿಯನ್ನ ಅದೇ ಸೊಲ್ಯೂಷನ್‌ನಲ್ಲಿ ಒದ್ದೆ ಮಾಡಿ, ಒಂದು ಮೈಗೆ 20 ಸಲ ಮೆಲ್ಲಗೆ ಉಜ್ಜಿ. ತಿರುಗಿಸಿ ಇನ್ನೊಂದು ಮೈಗೆ 20 ಸಲ, ಬೇರೆ ಕಡ್ಡಿಯಿಂದ. ಹತ್ತಿಯ ಮೇಲೆ ಕಂದು ಅಥವಾ ಬೂದು ಕಲೆ ಕಂಡರೆ ಆ ಜೊತೆ ನೇರ ಕಸದ ಬುಟ್ಟಿಗೆ. ಉಜ್ಜಿದ ಲೆನ್ಸನ್ನ ಹಾಗೇ ಹಾಕ್ಕೋಬೇಡಿ, ಮತ್ತೆ ಪೂರ್ತಿ ಸೋಂಕು ತೊಳೆಯಬೇಕು. ಒಂದು ದಿನದ ಲೆನ್ಸಾದರೆ ಉಜ್ಜಿದ್ದನ್ನ ಎಸೀಬೇಕು ಅಷ್ಟೇ.

ಅಂದಹಾಗೆ ಐರನ್ ಆಕ್ಸೈಡ್ ಇರೋದರಿಂದ ಎಂಆರ್‌ಐ ಸ್ಕ್ಯಾನ್‌ಗೆ ಹೋಗೋ ಮೊದಲು ಕಲರ್ ಲೆನ್ಸ್ ತೆಗೀಬೇಕು. ಫಾರ್ಮಿನಲ್ಲಿ ಕೇಳದಿದ್ದರೂ ನೀವಾಗೇ ಹೇಳಿ.

ತೇವಾಂಶ:
@ಬಣ್ಣದ_ಪದರ, ಒಂದು ತಿದ್ದುಪಡಿ. ಹತ್ತಿ ಕಡ್ಡಿಯಲ್ಲಿ ಫೇಲ್ ಆದರೆ ಲೆನ್ಸ್ ಕೆಟ್ಟದ್ದು ಅನ್ನೋದು ನಿಜ. ಪಾಸ್ ಆದರೆ ಒಳ್ಳೇದು ಅಂತಲ್ಲ. ಬಣ್ಣ ಗಟ್ಟಿಯಾಗಿ ಕೂತಿದ್ದೂ ಮೇಲ್ಮೈ ಒರಟಾಗಿರಬಹುದು. "ಸ್ಯಾಂಡ್‌ವಿಚ್ ತಂತ್ರಜ್ಞಾನ" ಅಂತ ಡಬ್ಬದ ಮೇಲೆ ಬರೆಯೋಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ.

ಬಣ್ಣದ_ಪದರ:
ಒಪ್ಪಿದೆ. ಡಬ್ಬದ ಮೇಲೆ ನೋಡಬೇಕಾದ್ದು ಜಾಹೀರಾತಿನ ಮಾತಲ್ಲ. ತಯಾರಕರ ಪೂರ್ತಿ ವಿಳಾಸ, ಲಾಟ್ ಸಂಖ್ಯೆ, ಮುಗಿಯುವ ದಿನಾಂಕ, ಕ್ರಿಮಿಶುದ್ಧ ಅನ್ನೋ ಗುರುತು, ವಸ್ತುವಿನ ಹೆಸರು, ಬಿ.ಸಿ., ಡಯಾ, ಪವರ್. ಡಬ್ಬಕ್ಕೆ ಅಂಟಿಸಿದ ಲಾಟ್ ಸಂಖ್ಯೆಯೂ ಒಳಗಿನ ಸೀಸೆಯದ್ದೂ ಒಂದೇ ಇರಬೇಕು. "ಎಲ್ಲ ಕಣ್ಣಿಗೂ ಹೊಂದುತ್ತದೆ" ಅಂತ ಬರೆದಿದ್ದರೆ ಅಲ್ಲಿಗೇ ವಾಪಸ್ ಇಡಿ.

ರಂಗಸಜ್ಜಿಕೆ:
ನಾಟಕ, ಶೂಟಿಂಗ್ ಕಡೆಯವರಿಗೆ ಎರಡು ಮಾತು. ದೆವ್ವದ ಕಣ್ಣು, ಬೆಕ್ಕಿನ ಕಣ್ಣಿಗೆ ಬರೋ ಲೆನ್ಸಲ್ಲಿ ಎರಡು ಜಾತಿ. ಮಾಮೂಲಿ 14–15 ಮಿ.ಮೀ.ದು ಒಂದು. ಬಿಳಿಗುಡ್ಡೆಯನ್ನೂ ಮುಚ್ಚೋ 22 ಮಿ.ಮೀ. ಸ್ಕ್ಲೀರಾ ಲೆನ್ಸ್ ಇನ್ನೊಂದು. ಎರಡನೇದು ರೆಪ್ಪೆಯಡಿಗೆಲ್ಲ ಹೋಗಿ ಕೂರುತ್ತೆ, ಕಣ್ಣೀರಿನ ಓಡಾಟ ಹೆಚ್ಚುಕಡಿಮೆ ನಿಂತೇಹೋಗುತ್ತೆ. ಅದನ್ನ ಆ ದೃಶ್ಯಕ್ಕೆ ಐದು ನಿಮಿಷ ಮೊದಲು ಹಾಕಿ, ಮುಗಿದ ಕೂಡಲೇ ತೆಗೀರಿ. ಹಾಕೋಕೆ ತೆಗೆಯೋಕೆ ಕಲಿತವರು ಪಕ್ಕದಲ್ಲೇ ಇರಬೇಕು. ಪೂರ್ತಿ ಬಿಳಿಯ ಜಾಲರಿ ಲೆನ್ಸ್ ಹಾಕಿದವರಿಗೆ ಮೆಟ್ಟಿಲು ಕಾಣಲ್ಲ, ಕೈ ಹಿಡಿದು ನಡೆಸೋ ಒಬ್ಬರನ್ನ ನೇಮಿಸಿಬಿಡಿ.

ಮೇಕಪ್‌ನಲ್ಲಿ ಕ್ರಮ ಮುಖ್ಯ: ಲೆನ್ಸ್ ಮೊದಲು, ಬಣ್ಣ ಆಮೇಲೆ. ತೆಗೆಯುವಾಗಲೂ ಲೆನ್ಸ್ ಮೊದಲು, ಬಣ್ಣ ಆಮೇಲೆ. ಎಣ್ಣೆ ಇರೋ ರಿಮೂವರ್ ಲೆನ್ಸಿಗೆ ಅಂಟಿದರೆ ತೊಳೆದರೂ ಹೋಗಲ್ಲ. ಕಾಡಿಗೆಯನ್ನ ರೆಪ್ಪೆಗೂದಲಿನ ಹೊರಗೆ ಹಚ್ಚಿ. ಒಳ ಅಂಚಿಗೆ ಎಳೆದರೆ ಎಣ್ಣೆಗ್ರಂಥಿಗಳ ಬಾಯಿ ಕಟ್ಟುತ್ತೆ, ಪುಡಿ ಲೆನ್ಸಿನಡಿಗೆ ಸೇರುತ್ತೆ. ಹೇರ್ ಸ್ಪ್ರೇ ಹೊಡೆಯುವಾಗ ಕಣ್ಣು ಮುಚ್ಚಿ, ಮಂಜು ಇಳಿಯೋವರೆಗೂ ತೆರೀಬೇಡಿ. ಆಮೇಲೆ, ಒಬ್ಬ ನಟನ ಲೆನ್ಸ್ ಇನ್ನೊಬ್ಬನಿಗೆ ಇಲ್ಲ, ಪಾತ್ರ ಒಂದೇ ಆದರೂ ಇಲ್ಲ.

ಬೇಸ್_ಕರ್ವ್:
ರಂಗಸಜ್ಜಿಕೆ ಅವರು ಮೆಟ್ಟಿಲು ಅಂದದ್ದು ಮಾಮೂಲಿ ಕಲರ್ ಲೆನ್ಸಿಗೂ ಅನ್ವಯ. ಬಣ್ಣದ ನಡುವೆ ಪಾಪೆಗೆ ಬಿಟ್ಟ ಸ್ಪಷ್ಟ ಕಿಂಡಿ ಸುಮಾರು 5 ಮಿ.ಮೀ. ಬಿಸಿಲಲ್ಲಿ ಪಾಪೆ 2–4 ಮಿ.ಮೀ., ತೊಂದರೆ ಇಲ್ಲ. ಕತ್ತಲಲ್ಲಿ ಅದು 7 ಮಿ.ಮೀ.ವರೆಗೆ ಅರಳಿದಾಗ ಬಣ್ಣದ ಉಂಗುರವೇ ದೃಷ್ಟಿಗೆ ಅಡ್ಡ ಬರುತ್ತದೆ. ಲೆನ್ಸ್ ಒಂದು ಪಕ್ಕಕ್ಕೆ ಜಾರಿ ಕೂತಿದ್ದರಂತೂ ಕಿಂಡಿಯೂ ಪಕ್ಕಕ್ಕೆ. ಎದುರು ಬರುವ ಹೆಡ್‌ಲೈಟು ಒಡೆದು ಹರಡುತ್ತದೆ, ಅಂಚಿನ ನೋಟ ಮಸುಕಾಗುತ್ತದೆ. ರಾತ್ರಿ ಗಾಡಿ ಓಡಿಸುವವರು ಕಲರ್ ಲೆನ್ಸ್ ಹಾಕಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಮೈನಸ್_ಆರು:
ನಂಬರ್ ಇರೋರ ಬಗ್ಗೆಯೂ ಹೇಳಿ. ಕನ್ನಡಕದಲ್ಲಿ ಮೈನಸ್ 6.00 ಇದ್ದರೆ ಕಲರ್ ಲೆನ್ಸೂ ಮೈನಸ್ 6.00 ತಗೋಬೇಕಾ? ಸಿಲಿಂಡರ್ 0.50 ಇದ್ದರೆ?

ಬೇಸ್_ಕರ್ವ್:
ಇಲ್ಲ. ಕನ್ನಡಕ ಕಣ್ಣಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ. 4.00 ದಾಟಿದ ಮೇಲೆ ಈ ದೂರವನ್ನು ಲೆಕ್ಕಕ್ಕೆ ತಗೊಳ್ಳಬೇಕು. 6 ÷ (1 + 0.012 × 6) = 5.60, ಅಂದರೆ ಸಿಗುವ ಪವರಿನಲ್ಲಿ ಮೈನಸ್ 5.50. ಪ್ಲಸ್ ನಂಬರಿಗೆ ಉಲ್ಟಾ, ಪ್ಲಸ್ 6.00 ಇದ್ದರೆ ಲೆನ್ಸ್ ಪ್ಲಸ್ 6.50ರ ಹತ್ತಿರ. ಸಿಲಿಂಡರ್ (ಕಣ್ಣು ಎಲ್ಲ ದಿಕ್ಕಿಗೂ ಒಂದೇ ಥರ ಬಾಗದಿರುವುದಕ್ಕೆ ಕೊಡುವ ನಂಬರ್) 0.50 ಇದ್ದರೆ ಅರ್ಧವನ್ನು ಸ್ಫಿಯರಿಗೆ, ಅಂದರೆ ಮುಖ್ಯ ನಂಬರಿಗೆ, ಸೇರಿಸಿ ಬಿಟ್ಟುಬಿಡುತ್ತಾರೆ: ಮೈನಸ್ 2.00 ಜೊತೆ ಮೈನಸ್ 0.50 ಇದ್ದರೆ ಮೈನಸ್ 2.25. ಸಿಲಿಂಡರ್ 0.75ರಿಂದ ಮೇಲಾದರೆ ಟೋರಿಕ್, ಅಂದರೆ ಸಿಲಿಂಡರನ್ನೂ ಸರಿಪಡಿಸುವ ಲೆನ್ಸ್, ಬೇಕು. ಕಲರ್‌ನಲ್ಲಿ ಟೋರಿಕ್ ಸಿಗುವುದು ಕಡಿಮೆ, ಸಿಗಲಿಲ್ಲ ಅಂತ ಮಾಮೂಲಿಯದನ್ನು ಹಾಕಿ ತಲೆನೋವು ತರಿಸಿಕೊಳ್ಳಬೇಡಿ.

ಪೆಟ್ರಿ_ತಟ್ಟೆ:
ಇಷ್ಟು ಹೊತ್ತಾದರೂ ನೀರಿನ ಸುದ್ದಿ ಬರಲಿಲ್ಲವಲ್ಲ. ಕಣ್ಣು ಹಾಳಾಗುವುದು ಅಲ್ಲಿಂದಲೂ ಉಂಟು.

ನಲ್ಲಿ ನೀರು, ಬಾವಿ ನೀರು, ಕುದಿಸಿ ಆರಿಸಿದ ನೀರು, ಬಾಟಲಿ ನೀರು, ಎಂಜಲು: ಇವ್ಯಾವುವೂ ಲೆನ್ಸನ್ನಾಗಲಿ ಅದರ ಡಬ್ಬಿಯನ್ನಾಗಲಿ ಮುಟ್ಟಬಾರದು. ನೀರಲ್ಲಿ ಅಕಾಂತಮೀಬಾ ಅನ್ನುವ ಏಕಾಣುಜೀವಿ ಇರುತ್ತದೆ. ಕಷ್ಟ ಬಂದರೆ ಕೋಶ ಕಟ್ಟಿಕೊಂಡು ಒಳಗೆ ಕೂರುತ್ತದೆ, ಆ ಕೋಶಕ್ಕೆ ನಲ್ಲಿ ನೀರಿನ ಕ್ಲೋರಿನ್ ಯಾವ ಲೆಕ್ಕವೂ ಅಲ್ಲ. ಕಾರ್ನಿಯಾದೊಳಗೆ ಸೇರಿದರೆ ಚಿಕಿತ್ಸೆ ತಿಂಗಳುಗಟ್ಟಲೆ. ಶುರುವಿನಲ್ಲಿ ಹರ್ಪಿಸ್ ಸೋಂಕಿನ ಹಾಗೇ ಕಾಣುವುದರಿಂದ ತಪ್ಪು ಔಷಧದಲ್ಲಿ ಸಮಯ ಹೋಗುವುದೂ ಉಂಟು. ಕಣ್ಣಲ್ಲಿ ಕಾಣುವ ಲಕ್ಷಣಕ್ಕೂ ನೋವಿಗೂ ತಾಳೆಯಾಗದಷ್ಟು ನೋವಿರುವುದು ಇದರ ಗುರುತುಗಳಲ್ಲೊಂದು. ಹಾಗಾಗಿ ಸ್ನಾನ, ಈಜು ಎರಡಕ್ಕೂ ಮೊದಲೇ ಲೆನ್ಸ್ ತೆಗೆಯಿರಿ.

ಸಲೈನ್ ಕೂಡ ಸೊಲ್ಯೂಷನ್ ಅಲ್ಲ. ಅದು ಉಪ್ಪುನೀರು, ತೊಳೆಯಲು ಸರಿ, ಏನನ್ನೂ ಕೊಲ್ಲುವುದಿಲ್ಲ.

ಸರಿಯಾದ ಕ್ರಮ ಹೀಗೆ. ಸುವಾಸನೆ, ಎಣ್ಣೆ ಇಲ್ಲದ ಸಾಬೂನಿನಿಂದ ಕೈ ತೊಳೆದು ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಒದ್ದೆ ಬೆರಳು ಅಂದರೂ ನಲ್ಲಿ ನೀರೇ ತಾನೆ. ಲೆನ್ಸನ್ನು ಅಂಗೈಯಲ್ಲಿಟ್ಟು ಮಲ್ಟಿಪರ್ಪಸ್ ಸೊಲ್ಯೂಷನ್ ಹಾಕಿ ಒಂದೊಂದು ಮೈಯನ್ನೂ 10–20 ಸೆಕೆಂಡು ಬೆರಳ ತುದಿಯಿಂದ ಉಜ್ಜಿ. "ಉಜ್ಜುವ ಅಗತ್ಯವಿಲ್ಲ" ಅಂತ ಬಾಟಲಿ ಹೇಳಿದರೂ ಉಜ್ಜಿ. ಮತ್ತೆ ಸೊಲ್ಯೂಷನ್‌ನಲ್ಲೇ ತೊಳೆದು, ಡಬ್ಬಿಗೆ ಹೊಸ ಸೊಲ್ಯೂಷನ್ ತುಂಬಿ ಮುಳುಗಿಸಿ. ಕನಿಷ್ಠ 4ರಿಂದ 6 ಗಂಟೆ, ನಿಮ್ಮ ಬಾಟಲಿಯ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು.

ಬೆಳಿಗ್ಗೆ ಡಬ್ಬಿಯಿಂದ ಲೆನ್ಸ್ ತೆಗೆದ ಮೇಲೆ ಅದರಲ್ಲಿ ಉಳಿದ ಸೊಲ್ಯೂಷನ್ ಚೆಲ್ಲಿ. ನಿನ್ನೆಯದರ ಮೇಲೆ ಇವತ್ತಿನದನ್ನು ನಾಲ್ಕು ಹನಿ ಸುರಿದು "ತುಂಬಿಸಿದೆ" ಅನ್ನುವುದು ಕೆಟ್ಟ ಜಿಪುಣತನ. 2006ರಲ್ಲಿ ಫ್ಯುಸೇರಿಯಂ ಶಿಲೀಂಧ್ರದ ಸೋಂಕು ಹಲವು ದೇಶಗಳಲ್ಲಿ ಕಾಣಿಸಿಕೊಂಡು ಒಂದು ಸೊಲ್ಯೂಷನನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗ, ಹೀಗೆ ಹಳೆಯದರ ಮೇಲೆ ಸುರಿಯುವ ಅಭ್ಯಾಸವೂ ತನಿಖೆಯಲ್ಲಿ ಎದ್ದು ಬಂದಿತ್ತು. ಚೆಲ್ಲಿದ ಮೇಲೆ ಡಬ್ಬಿಯ ಒಳಭಾಗವನ್ನು ಸೊಲ್ಯೂಷನ್ ಹಾಕಿ ಬೆರಳಿನಿಂದ ಉಜ್ಜಿ, ಶುಭ್ರ ಟಿಶ್ಯೂವಿನಿಂದ ಒರೆಸಿ, ಮುಚ್ಚಳ ತೆಗೆದು ಕವುಚಿ ಒಣಗಿಸಿ. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ. ಡಬ್ಬಿಯ ಒಳಗೋಡೆಯನ್ನು ಬೆರಳಲ್ಲಿ ಸವರಿದಾಗ ಲೋಳೆ ಅನ್ನಿಸಿದರೆ ಅದು ಬ್ಯಾಕ್ಟೀರಿಯಾ ಕಟ್ಟಿಕೊಂಡ ಮನೆ. ಸೊಲ್ಯೂಷನ್ ಅದರೊಳಕ್ಕೆ ಇಳಿಯುವುದಿಲ್ಲ. ಲೋಳೆ ಕಾಣಲಿ ಬಿಡಲಿ, ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಾಗಬೇಕು.

ಹೈಡ್ರೋಜನ್ ಪೆರಾಕ್ಸೈಡ್ ವಿಧಾನ ಇನ್ನೂ ಬಲವಾದದ್ದು, 3% ಇರುತ್ತದೆ. ಅದರದೇ ಡಬ್ಬಿಯಲ್ಲಿರುವ ಬಿಲ್ಲೆಯು ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯಲು ಸುಮಾರು 6 ಗಂಟೆ ಬೇಕು. ಅಷ್ಟರೊಳಗೆ ಕಣ್ಣಿಗೆ ಹಾಕಿದರೆ ಕಣ್ಣು ಸುಡುತ್ತದೆ. ಮಾಮೂಲಿ ಚಪ್ಪಟೆ ಡಬ್ಬಿಯಲ್ಲಿ ಬಿಲ್ಲೆ ಇರುವುದಿಲ್ಲ, ಅಲ್ಲಿ ರಾತ್ರಿಯಿಡೀ ಇಟ್ಟರೂ ಅದು ಪೆರಾಕ್ಸೈಡೇ. ಕಲರ್ ಲೆನ್ಸಿಗೆ ಆಗುತ್ತದಾ ಅನ್ನುವುದನ್ನು ಲೆನ್ಸಿನ ಚೀಟಿಯಲ್ಲಿ ನೋಡಿಕೊಳ್ಳಿ.

ಹಂಚಿಕೊಳ್ಳುವ ಪ್ರಶ್ನೆಗೆ: ತೊಳೆಯುವುದರಿಂದ ಎಲ್ಲವೂ ಹೋಗುವುದಿಲ್ಲ. ಕಣ್ಣೀರಿನ ಪ್ರೋಟೀನ್ ಲೆನ್ಸಿಗೆ ಅಂಟಿ ಉಳಿಯುತ್ತದೆ. ಕೆಂಗಣ್ಣು ತರುವ ಅಡಿನೋವೈರಸ್ ಸೊಲ್ಯೂಷನ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಬೇಸ್_ಕರ್ವ್ ಅವರು ಹೇಳಿದ ಅಳತೆಯ ಮಾತು ಬೇರೆ ಇದ್ದೇ ಇದೆ.

ಸೊನ್ನೆ_ಪವರ್:
ಹಂಚಿಕೊಳ್ಳೋ ಯೋಚನೆ ಅಲ್ಲಿಗೆ ಮುಗೀತು. ಹಾಕೋದು, ತೆಗೆಯೋದರಲ್ಲಿ ಏನೇನು ಎಡವಟ್ಟಾಗುತ್ತೆ? ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತಾ?

ತೇವಾಂಶ:
ಹಿಂದಕ್ಕೆ ಹೋಗಲ್ಲ. ರೆಪ್ಪೆಯ ಒಳಪೊರೆ ಮಡಚಿ ಬಿಳಿಗುಡ್ಡೆಗೆ ಕೂಡಿಕೊಂಡಿದೆ, ದಾರಿಯೇ ಇಲ್ಲ. ಹೆಚ್ಚೆಂದರೆ ಮೇಲ್ರೆಪ್ಪೆಯ ಮಡಿಕೆಯಲ್ಲಿ ಮಡಚಿಕೊಂಡು ಕೂರುತ್ತೆ.

ಹಾಕೋ ಮೊದಲು ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಬಟ್ಟಲಿನ ಹಾಗೆ ಅಂಚು ನೆಟ್ಟಗಿದ್ದರೆ ಸರಿ. ತಟ್ಟೆಯ ಹಾಗೆ ಹೊರಕ್ಕೆ ಬಾಗಿದ್ದರೆ ಉಲ್ಟಾ. ಅಂಚಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಎಸೀರಿ. ಯಾವಾಗಲೂ ಬಲಗಣ್ಣಿಂದಲೇ ಶುರುಮಾಡಿ, ಅದಲುಬದಲಾಗಲ್ಲ.

ತೆಗೆಯುವಾಗ ಮೇಲೆ ನೋಡಿ, ಲೆನ್ಸನ್ನ ಬಿಳಿಗುಡ್ಡೆಯ ಕಡೆ ಕೆಳಕ್ಕೆ ಜಾರಿಸಿ, ಆಮೇಲೆ ಎರಡು ಬೆರಳಿನ ಮೆದು ಭಾಗದಿಂದ ಹಿಡೀರಿ. ಕರಿಗುಡ್ಡೆಯ ಮೇಲಿಂದಲೇ ಚಿವುಟಿದರೆ ಉಗುರು ತಾಗುತ್ತೆ. ಜಾರದಿದ್ದರೆ ಒಣಗಿದೆ ಅಂತ ಅರ್ಥ. ಲೆನ್ಸಿಗೆ ಒಗ್ಗುವ ತೇವದ ಹನಿ ಎರಡು ಮೂರು ಹಾಕಿ, ಕಣ್ಣು ಮಿಟುಕಿಸುತ್ತಾ ಐದು ಹತ್ತು ನಿಮಿಷ ಕಾಯಿರಿ. ಒಣಗಿದ್ದನ್ನ ಕಿತ್ತರೆ ಕಾರ್ನಿಯಾದ ಮೇಲ್ಪದರವೂ ಜೊತೆಗೆ ಕಿತ್ತು ಬರುತ್ತೆ. ಬೇರೆ ಔಷಧದ ಹನಿ ಹಾಕೋರು ಲೆನ್ಸ್ ತೆಗೆದು ಹಾಕಿ, ಮತ್ತೆ ಲೆನ್ಸ್ ಇಡೋಕೆ 15 ನಿಮಿಷ ಬಿಡಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಸಂರಕ್ಷಕವನ್ನ ಮೆತ್ತನೆ ಲೆನ್ಸ್ ಹೀರಿಕೊಳ್ಳುತ್ತೆ. ಕ್ಷಯದ ಔಷಧಿ ರಿಫಾಂಪಿಸಿನ್ ತಗೊಳ್ಳೋರ ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗಿ ಲೆನ್ಸಿಗೆ ಕಲೆ ಬೀಳುತ್ತೆ, ಆ ಅವಧಿಯಲ್ಲಿ ಲೆನ್ಸ್ ಬೇಡ.

ಸ್ಲಿಟ್_ಲ್ಯಾಂಪ್:
ತಡವಾಗಿ ಬರೆಯುತ್ತಿದ್ದೇನೆ, ಒಂದು ಭಾಗ ಬಿಟ್ಟುಹೋಗಿದೆ: ಕೆಟ್ಟರೆ ಏನು ಮಾಡಬೇಕು.

ಲೆನ್ಸ್ ತೆಗೆದ ಮೇಲೂ ನೋವು ಹೆಚ್ಚುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ದೃಷ್ಟಿ ಮಂಜಾದರೆ, ಗೀಜು ಕಟ್ಟಿದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಅದೇ ದಿನ ಕಣ್ಣಿನ ವೈದ್ಯರ ಬಳಿ. ನಾಳೆ ನೋಡೋಣ ಅನ್ನುವಂತಿಲ್ಲ. ಲೆನ್ಸ್ ಹಾಕುವವರಲ್ಲಿ ಹೆಚ್ಚಾಗಿ ಕಾಣುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಬಿಡುಗಡೆ ಮಾಡುವ ಕಿಣ್ವಗಳು ಕಾರ್ನಿಯಾವನ್ನೇ ಕರಗಿಸುತ್ತವೆ. ಒಂದೆರಡು ದಿನದಲ್ಲಿ ತೂತು ಬೀಳುವ ಮಟ್ಟಕ್ಕೂ ಹೋಗಬಹುದು. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿದರೆ, ಅದು ಪಾಪೆಯ ಎದುರಿಗೇ ಇದ್ದರೆ, ಆಮೇಲೆ ಉಳಿಯುವ ದಾರಿ ಕಾರ್ನಿಯಾ ಕಸಿ.

ಹೋಗುವಾಗ ಲೆನ್ಸನ್ನೂ ಡಬ್ಬಿಯನ್ನೂ ಸೊಲ್ಯೂಷನ್ ಬಾಟಲಿಯನ್ನೂ ತೊಳೆಯದೆ ಹಾಗೇ ತೆಗೆದುಕೊಂಡು ಹೋಗಿ, ಕಲ್ಚರ್ ಪರೀಕ್ಷೆಗೆ (ರೋಗಾಣು ಬೆಳೆಸಿ ಯಾವುದೆಂದು ನೋಡುವುದು) ಬೇಕಾಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಬೇಡಿ, ಮುಚ್ಚಿದ ಬಿಸಿ ಜಾಗದಲ್ಲಿ ಬ್ಯಾಕ್ಟೀರಿಯಾ ಇನ್ನೂ ಬೆಳೆಯುತ್ತದೆ. ಮನೆಯಲ್ಲಿ ಉಳಿದ ಹಳೆಯ ಹನಿ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ತೋರುತ್ತದೆ, ಒಳಗೆ ಹುಣ್ಣು ದೊಡ್ಡದಾಗುತ್ತಿರುತ್ತದೆ. ಮರಗಟ್ಟಿಸುವ ಹನಿಯಂತೂ ಕೂಡದು.

ಬರೀ ಕೆಂಪು, ನೋವಿಲ್ಲ, ತೆಗೆದ ಒಂದೆರಡು ಗಂಟೆಯಲ್ಲಿ ತಿಳಿಯಾಯಿತು ಅಂದರೆ ತುರ್ತಿಲ್ಲ. ಆದರೆ ಅದೇ ಲೆನ್ಸ್ ಹಾಕಿದಾಗ ಮತ್ತೆ ಹಾಗೇ ಆದರೆ ಅಳತೆ ತಪ್ಪಿದೆ, ಅಥವಾ ಸೊಲ್ಯೂಷನ್ ಒಗ್ಗುತ್ತಿಲ್ಲ.

ಬಣ್ಣದ ಲೆನ್ಸ್ ಅಂದರೆ ಬರೀ ಶೋಕಿ ಅಂತ ಅಂದುಕೊಳ್ಳುವವರಿಗೆ ಇದನ್ನೂ ಹೇಳಬೇಕು. ಹುಟ್ಟಿನಿಂದ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಇಲ್ಲದವರಿಗೆ, ಗಾಯದಿಂದ ಐರಿಸ್ ಹರಿದವರಿಗೆ, ಕಾರ್ನಿಯಾದಲ್ಲಿ ಬಿಳಿ ಕಲೆ ಉಳಿದವರಿಗೆ ಇದೇ ಲೆನ್ಸ್ ಚಿಕಿತ್ಸೆ. ಬೆಳಕಿನ ಚುಚ್ಚುವಿಕೆಯನ್ನೂ ತಡೆಯುತ್ತದೆ.

ಸೊನ್ನೆ_ಪವರ್:
ಎಲ್ಲರಿಗೂ ಧನ್ಯವಾದ. ಕೊನೇದು: ಅಪರೂಪಕ್ಕೊಮ್ಮೆ ಹಾಕೋರಿಗೆ ತಿಂಗಳ ಲೆನ್ಸಾ, ಒಂದು ದಿನದ್ದಾ? ತಿಂಗಳ ಲೆನ್ಸಲ್ಲಿ 30 ಸಲ ಹಾಕಬಹುದು ಅಂತಲಾ?

ಪೆಟ್ರಿ_ತಟ್ಟೆ:
ಒಂದು ದಿನದ್ದು, ಯೋಚನೆಯೇ ಬೇಡ. ತಿಂಗಳು ಅಂದರೆ ಸೀಸೆ ತೆರೆದ ದಿನದಿಂದ ಕ್ಯಾಲೆಂಡರಿನ 30 ದಿನ, ಎರಡೇ ಸಲ ಹಾಕಿದ್ದರೂ 31ನೇ ದಿನ ಕಸ. ಸೊಲ್ಯೂಷನ್ ಬಾಟಲಿಗೂ ಹೀಗೇ ಲೆಕ್ಕ, ತೆರೆದ ಮೇಲೆ ಸಾಮಾನ್ಯವಾಗಿ 90 ದಿನ. ತೆರೆದ ತಾರೀಖನ್ನು ಮಾರ್ಕರಿನಲ್ಲಿ ಬಾಟಲಿಯ ಮೈಮೇಲೇ ಬರೆದುಬಿಡಿ. ಮುಚ್ಚಳದ ಮೇಲೆ ಬೇಡ, ಅದು ಕಳೆದುಹೋಗುತ್ತದೆ.